ಅಪ್ಪ ತುಂಬಿದ ಕಾಲಂ, ನನ್ನ ಬಿ.ಎಸ್ಸಿ.

ಹನ್ನೆರಡನೇ ತರಗತಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡ ಹುಡುಗಿ ಡಾಕ್ಟರೇ ಆಗತಕ್ಕದ್ದು ಎಂಬ ಕಾನೂನು ಯಾವಾಗ ಜಾರಿಗೆ ಬಂತೋ ನನಗೆ ಗೊತ್ತಿಲ್ಲ. ಪುಣೆಯ ಕೊಂಢವಾ ಬಡಾವಣೆಯಲ್ಲಿದ್ದ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನಲ್ಲಂತೂ ಅದು ಚಾಚೂ ತಪ್ಪದೆ ಪಾಲನೆಯಾಗುತ್ತಿತ್ತು. ನಾನು ಬಿ.ಎಸ್ಸಿ. ಮಾಡುತ್ತೇನೆ, ಪ್ರಾಣಿಶಾಸ್ತ್ರ ಓದುತ್ತೇನೆ, ಅದರಲ್ಲೂ ಕೀಟಗಳ ಬಗ್ಗೆ ಓದುತ್ತೇನೆ ಎಂದಾಗ ಅವ್ವ ಲಟ್ಟಣಿಗೆ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

"ಅಯ್ಯ ಶಿವನ! ಹುಳಾ ನೋಡಾಕ ಕಾಲೇಜಿಗೆ ಯಾಕ ಹೋಗಬೇಕವಾ? ಜ್ವಾಳದ ಡಬ್ಬಿ ತಗದ ನೋಡು, ಬೇಕಾದಷ್ಟು ಅದಾವ."

ತಪ್ಪು ನನ್ನದೇ. ಬಾಲ್ಕನಿಯ ಗ್ರಿಲ್ಲಿನಲ್ಲಿ ಕುಂಬಾರ ಹುಳವೊಂದು ಮಣ್ಣಿನ ಪುಟ್ಟ ಗಡಿಗೆ ಕಟ್ಟಿ, ಅದರೊಳಗೆ ಹಸಿರು ಹುಳಗಳನ್ನು ತುರುಕಿ, ಬಾಯಿ ಮುಚ್ಚಿ ಹೋಗುವುದನ್ನು ಎರಡು ವರ್ಷ ಓದು ಬಿಟ್ಟು ನೋಡಿದ್ದೆ. ಹುಟ್ಟಲಿರುವ ಮರಿಗೆ ಎಷ್ಟು ಊಟ ಸಾಕು ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಮನೆಯಲ್ಲಿ ಕೇಳಿದೆ. ಅವ್ವ ಕಸಬರಿಗೆ ತಂದು ಉತ್ತರ ಕೊಟ್ಟಳು. ಆವತ್ತೇ ನಿರ್ಧಾರವಾಗಿತ್ತು, ಓದಿದರೆ ಇದನ್ನೇ ಓದಬೇಕು ಎಂದು.

ಆದರೆ ನಮ್ಮ ಮನೆಯಲ್ಲಿ ನಿರ್ಧಾರ ಮಾಡುವುದು ನಾನಲ್ಲ. ಬೆಳಗಾವಿಯ ಮೌಶಿ, ಅಂದರೆ ಅವ್ವನ ತಂಗಿ, ವಿಡಿಯೊ ಕಾಲ್‌ನಲ್ಲಿ ಬಂದು ಮಾಡುತ್ತಿದ್ದಳು. ನೀಟ್‌ನಲ್ಲಿ ನನಗೆ ಬಂದ ಅಂಕಗಳಿಗೆ ವೈದ್ಯಕೀಯ ಕಾಲೇಜಿನ ಕ್ಯಾಂಟೀನಿಗೂ ಪ್ರವೇಶ ಸಿಗುತ್ತಿರಲಿಲ್ಲ. ಆದರೂ ಮೌಶಿ ಎದೆಗುಂದಲಿಲ್ಲ. "ಒಂದ ವರ್ಷ ಡ್ರಾಪ್ ತಗೊಳ್ಳಿ. ಕೋಚಿಂಗಿಗೆ ಹಾಕ್ರಿ. ಡಾಕ್ಟರ್ ಆದ ಮ್ಯಾಲೆ ಬೇಕಾದ್ರ ಹುಳಾ ನೋಡ್ಲಿ" ಎಂದಳು. ನನ್ನ ಮುಂದಿನ ಹತ್ತು ವರ್ಷಗಳನ್ನು ಅವಳು ಚಹಾ ಆರುವುದರೊಳಗೆ ಮುಗಿಸಿದ್ದಳು.

ಅಪ್ಪ ಮಾತ್ರ ನ್ಯಾಯವಂತರು. ವಿಮಾ ಕಚೇರಿಯಲ್ಲಿ ಬೇರೆಯವರ ಕಾಗದಪತ್ರ ತಪಾಸಣೆ ಮಾಡುವುದು ಅವರ ಕೆಲಸ. ಸಹಿ ಒಂದು ಕೂದಲೆಳೆ ಆಚೀಚೆಯಾದರೂ ಫೈಲು ವಾಪಸ್. ಅವರು ದೊಡ್ಡ ಹಾಳೆಯ ಮೇಲೆ ನನ್ನ ಪದವಿಯ ಯೋಜನೆ ಬರೆದರು. ಮೂರು ಬಣ್ಣದ ಶಾಯಿ, ಮೂರು ವಿಷಯ, ನಾಲ್ಕು ವರ್ಷ. ಕೆಳಗೆ ಕೆಂಪಕ್ಷರದಲ್ಲಿ ಒಪ್ಪಂದವೂ ಇತ್ತು. ಓದಿ ಹೇಳಿದರು: "ಪುಣೇದಾಗ ಚಲೋ ಕಾಲೇಜಿನಾಗ ಸೀಟ ಸಿಕ್ರ ನಿನ್ನ ಹುಳಾ ನಿನಗ. ಸಿಗಲಿಲ್ಲ ಅಂದ್ರ ಒಂದ ವರ್ಷ ಕೋಚಿಂಗ್. ಆಮ್ಯಾಲೆ ತುಟಿ ಪಿಟಕ್ ಅನ್ನಬಾರದು."

ನಾನು ಒಪ್ಪಿದೆ, ಏಕೆಂದರೆ ಅಪ್ಪನ ಹತ್ತಿರ ಒಂದು ತುರುಪಿನ ಎಲೆ ಇತ್ತು. ಪುಣೆಯಲ್ಲಿ ಕನ್ನಡದವರ ಸಂಸ್ಥೆಯೊಂದು ನಡೆಸುವ ಕಾಲೇಜಿದೆ. ಮಹಾರಾಷ್ಟ್ರದಲ್ಲಿ ನಾವು ಭಾಷಾ ಅಲ್ಪಸಂಖ್ಯಾತರಾದ್ದರಿಂದ ಮಾತೃಭಾಷೆ ಕನ್ನಡ ಇರುವವರಿಗೆ ಅಲ್ಲಿ ಬೇರೆ ಸೀಟುಗಳಿವೆ. ನನ್ನ ಅಂಕಗಳಿಗೆ ಅದೊಂದೇ ಬಾಗಿಲು. "ನಾವು ಧಾರವಾಡದವ್ರು. ನಮಗ ಕೊಡಲಿಲ್ಲ ಅಂದ್ರ ಯಾರಿಗೆ ಕೊಡ್ತಾರ?" ಎಂದು ಅಪ್ಪ ಮೀಸೆ ತಿರುವಿದರು.

ಕೊನೆಯ ದಿನ ಹೋದೆವು. ಮೊದಲೇ ಹೋದರೆ ಗದ್ದಲ ಇರುತ್ತದೆ ಎಂಬುದು ಅಪ್ಪನ ಅನುಭವಸಿದ್ಧ ಮಾತು. ಮೇಜಿನ ಹಿಂದಿದ್ದ ವಯಸ್ಸಾದ ಗುಮಾಸ್ತರು ಹೆಸರು ನೋಡಿಯೇ ಅರಳಿದರು.

"ಬರ್ರಿ, ಬರ್ರಿ, ಕೂಡ್ರಿ. ಯಾವೂರ್ರಿ ನಿಮ್ದು?"

"ಧಾರವಾಡ್ರಿ."

"ಭಾಳ ಚಲೋ ಆತು. ಕಾಗದಾ ಕೊಡ್ರಿ, ಐದು ನಿಮಿಷದ ಕೆಲಸ."

ಅವರು ಹಾಳೆ ತಿರುವಿದರು. ಶಾಲೆ ಬಿಟ್ಟ ದಾಖಲೆಯ ಹತ್ತಿರ ಬೆರಳು ನಿಂತಿತು. ನಾವೆಲ್ಲ ಎಲ್‌ಸಿ ಎನ್ನುವ ಆ ಕಾಗದವನ್ನು ನಮ್ಮ ಮನೆಯಲ್ಲಿ ಯಾರೂ ಓದಿರಲಿಲ್ಲ. ಎಲ್‌ಸಿಯನ್ನು ಯಾರಾದರೂ ಓದುತ್ತಾರೆಯೇ? ಲ್ಯಾಮಿನೇಟ್ ಮಾಡಿಸುತ್ತಾರೆ.

"ಸಾಹೇಬ್ರ, ಇಲ್ಲಿ ಮಾತೃಭಾಷಾ ಮರಾಠಿ ಅಂತ ಅದಲ್ರಿ?"

ಅಪ್ಪ ನಕ್ಕರು. ಕಾಗದ ತೆಗೆದುಕೊಂಡು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಮುಖದ ಬಣ್ಣವೇ ಹೋಯಿತು. ಗಾಬರಿಯಾದರೆ ಅವರ ಬಾಯಿಂದ ಕಚೇರಿಯ ಭಾಷೆಯೇ ಬರುವುದು. "ಅಹೋ ಸರ್, ಆಮ್ಹೀ ಕಾನಡೀಚ ಆಹೋತ!" ಎಂದು, ನಾವು ಕನ್ನಡದವರೇ ಎಂಬುದನ್ನು ಅಚ್ಚ ಪುಣೆ ಮರಾಠಿಯಲ್ಲಿ ಪ್ರತಿಪಾದಿಸಿದರು.

"ಅದನ್ನರೆ ಕನ್ನಡದಾಗ ಹೇಳ್ರೆಲಾ" ಎಂದರು ಗುಮಾಸ್ತರು. ನನಗೆ ನಗು ತಡೆಯಲಾಗಲಿಲ್ಲ. ಆ ದಿನ ನಕ್ಕಿದ್ದು ಅಷ್ಟೇ.

ಪಾಪ, ಅವರು ಒಳ್ಳೆಯವರು. "ನನಗ ನಿಮ್ಮ ಮ್ಯಾಲೆ ನಂಬಿಕಿ ಅದರಿ. ಆದ್ರ ನಾ ಕಾಗದಾನ ನೋಡಬೇಕು. ಇದನ್ನ ತಿದ್ದಿಸಿಕೊಂಡು ಸಂಜಿ ಐದರೊಳಗ ಬರ್ರಿ" ಎಂದರು. ಅಲ್ಲಿಂದಲೇ ಶಾಲೆಗೆ ಫೋನು ಮಾಡಿದೆವು. ಶಾಲೆ ಬಿಟ್ಟ ಮೇಲೆ ದಾಖಲೆ ತಿದ್ದಲು ಮೇಲಧಿಕಾರಿಗಳ ಆದೇಶ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂಬ ಉತ್ತರ ಬಂತು. ಸೀಟು ಹೋಯಿತು.

ಪಾರ್ಕಿಂಗಿನಲ್ಲಿ ಅಪ್ಪ ಸ್ಕೂಟರಿನ ಮೇಲೆ ಕುಳಿತರು, ಕೀಲಿ ತಿರುವಲಿಲ್ಲ.

"ಮರಾಠಿ ಅಂತ ಯಾರು ಬರೆಸಿದ್ದು?" ಎಂದು ಕೇಳಿದೆ.

"ನಾನ."

ನನಗೆ ಮೈಯೆಲ್ಲ ಉರಿಯಿತು. ಊರಿನವರ ಕಾಗದಗಳಲ್ಲಿ ತಪ್ಪು ಹುಡುಕುವ ಮನುಷ್ಯ ಮಗಳ ಕಾಗದದಲ್ಲಿ ತಾನೇ ಕೂತು ಸುಳ್ಳು ಬರೆಸಿದ್ದ. "ಭಾಳ ಚಲೋ ಮಾಡೀರಿ. ಮನೆತನದ ಹೆಸರೂ ಬದಲ ಮಾಡಿಬಿಡಬೇಕಿತ್ತು, ಪೂರಾ ಕೆಲಸ ಆಗ್ತಿತ್ತು" ಎಂದೆ.

ಅವರು ಸಿಟ್ಟಾಗಲಿಲ್ಲ. "ನಾ ಐದನೇ ಕ್ಲಾಸಿನ್ಯಾಗ ಇದ್ದಾಗ ನಾವು ಧಾರವಾಡ ಬಿಟ್ಟು ಇಲ್ಲಿಗೆ ಬಂದ್ವಿ. ಮರಾಠಿ ಓದಾಕ ಎದ್ದು ನಿಂತ್ರ ನನ್ನ ಉಚ್ಚಾರಕ್ಕ ಇಡೀ ಕ್ಲಾಸು ನಗತಿತ್ತು. ಒಂದ ವರ್ಷ ನಾ ಸಾಲ್ಯಾಗ ಬಾಯೇ ಬಿಡಲಿಲ್ಲ. ನಿನಗ ಯಾರೂ ನಗಬಾರದು ಅಂತ ಹಂಗ ಬರೆಸಿದೆ. ಆಮ್ಯಾಲೆ ಮರತೇಬಿಟ್ಟೆ" ಎಂದರು. ನನಗೆ ಚುಚ್ಚಿ ಮಾತಾಡುವುದು ಚೆನ್ನಾಗಿ ಬರುತ್ತದೆ. ಆವತ್ತು ಮಾತ್ರ ಎಲ್‌ಸಿಯನ್ನು ಚೀಲಕ್ಕೆ ಸೇರಿಸಿ, ಅವರ ಹಿಂದೆ ಸ್ಕೂಟರ್ ಹತ್ತಿದೆ.

ಮನೆಯಲ್ಲಿ ಅವ್ವ ಕೋಚಿಂಗಿನ ಫಾರ್ಮು ತಂದಿಟ್ಟಿದ್ದಳು. ಮೌಶಿ ಫೋನಿನಲ್ಲಿ ಕಾಯುತ್ತಿದ್ದಳು. ಅಪ್ಪ ಚಪ್ಪಲಿ ಬಿಡುತ್ತಲೇ, "ಕೋಚಿಂಗ್ ಬ್ಯಾಡ. ತಪ್ಪು ನಂದು, ಶಿಕ್ಷಾ ಅಕಿಗ್ಯಾಕ?" ಎಂದು ಫೋನು ಆಫ್ ಮಾಡಿದರು. ನಮ್ಮ ಮನೆಯ ಇತಿಹಾಸದಲ್ಲಿ ಮೌಶಿಯ ಮಾತು ಅರ್ಧಕ್ಕೆ ನಿಂತದ್ದು ಅದೊಂದೇ ಸಲ.

ಬಾರಾಮತಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರಕ್ಕೆ ಸೀಟುಗಳು ಉಳಿದಿದ್ದವು. ಎರಡು ದಿನ ಬಿಟ್ಟು ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಹೋದೆವು. ಕಬ್ಬಿನ ಗದ್ದೆಗಳ ನಡುವಿನ ಊರು, ಹುಳಗಳಿಗೇನೂ ಬರವಿಲ್ಲ. ಫಾರ್ಮಿನಲ್ಲಿ ಮಾತೃಭಾಷೆಯ ಕಾಲಂ ಬಂದಾಗ ಅಪ್ಪ ಪೆನ್ನು ನನ್ನ ಕೈಗೆ ಕೊಟ್ಟರು. ನಾನು ಕನ್ನಡ ಎಂದು ಬರೆದೆ.

ಕೌಂಟರಿನ ಹೆಂಗಸು ಎಲ್‌ಸಿ ಜೊತೆ ತಾಳೆ ನೋಡಿ ಪೆನ್ಸಿಲಿನಿಂದ ಗುರುತು ಹಾಕಿದಳು. ಇದರಲ್ಲಿ ಮರಾಠಿ ಇದೆ, ಅದನ್ನೇ ಬರೆಯಿರಿ, ಸುಮ್ಮನೆ ತೊಂದರೆ ಯಾಕೆ, ನಮ್ಮಲ್ಲಿ ಕನ್ನಡಕ್ಕೆ ಬೇರೆ ಸೀಟೇನೂ ಇಲ್ಲ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದಳು.

"ಗೊತ್ತು ಮ್ಯಾಡಮ್" ಎಂದರು ಅಪ್ಪ, ಅವರೂ ಮರಾಠಿಯಲ್ಲೇ, ಯಾವ ಗಾಬರಿಯೂ ಇಲ್ಲದೆ. "ನಾವು ಕನ್ನಡದವರು. ಆ ಕಾಗದದಲ್ಲಿ ತಪ್ಪು ಬರೆಸಿದ್ದು ನಾನು."

ಹಾಗಾದರೆ ಅದನ್ನೇ ಬರೆದು ಸಹಿ ಹಾಕಿ ಕೊಡಿ ಎಂದಳು ಆಕೆ. ಅಪ್ಪ ಒಂದು ಬಿಳಿ ಹಾಳೆ ಕೇಳಿ ಪಡೆದು, ಕೌಂಟರಿನ ಮೇಲೇ ಇಟ್ಟುಕೊಂಡು ನಿಧಾನವಾಗಿ ಬರೆಯತೊಡಗಿದರು. ಹಿಂದಿನ ಸಾಲಿನಲ್ಲಿ ಹುಡುಗರು 'ಕಾನಡೀ' ಎಂದು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ಕನೆ ನಕ್ಕರು. ಅಪ್ಪನಿಗೆ ಕೇಳಿಸಿತು. ತಲೆಯೆತ್ತಿ ಅವರತ್ತ ಒಮ್ಮೆ ನೋಡಿ, ಬರೆಯುವುದನ್ನು ಮುಂದುವರಿಸಿದರು.