ಕೊನೆಯ ರೀಲು ಬಾರದ ಸಂಜೆ

ಕೊಳ್ಳೇಗಾಲದ ಥಿಯೇಟರಿನಲ್ಲಿ ಗೇಟು ಕಾಯುವ ನನಗೆ ಊರವರ ಉಸಾಬರಿ ಜಾಸ್ತಿ. ನಲವತ್ತೈದು ವರ್ಷ ಹಳೆಯ ಆ ಸಿನಿಮಾ ಹೊಸ ಬಣ್ಣದಲ್ಲಿ ಮತ್ತೆ ಬಂದಾಗ, ಮ್ಯಾಟಿನಿಗೂ ಜನ ತುಂಬಿದ್ದು ನೋಡಿ ತಲೆ ಕೆಡಿಸಿಕೊಂಡೆ. ಬೇರೆ ಬೇರೆ ಜಾತಿಯ ಹುಡುಗ ಹುಡುಗಿ ಪ್ರೀತಿಸುತ್ತಾರೆ, ಬಸ್ಸು ಹತ್ತಿ ಓಡಿಹೋಗುತ್ತಾರೆ, ಹುಡುಗಿಯ ಅಣ್ಣಂದಿರು ಹಿಡಿದು ಇಬ್ಬರನ್ನೂ ಕೊಲ್ಲುತ್ತಾರೆ. ಎಲ್ಲರಿಗೂ ಗೊತ್ತಿರುವ ಕಥೆ. ದುಡ್ಡು ಕೊಟ್ಟು ಮತ್ತೆ ಬಂದು ಅಳುವುದು ಯಾವ ಸುಖಕ್ಕೆ?

ಹನೂರಿನ ಆಚೆಯ ಹೂಗ್ಯಂನ ಚೆನ್ನಯ್ಯ ನನ್ನನ್ನು ಇನ್ನಷ್ಟು ಕಾಡಿದರು. ಎಪ್ಪತ್ತರ ಹತ್ತಿರದ ಮನುಷ್ಯ. ಎರಡು ದಿನ ಬಂದರು, ಎರಡು ದಿನವೂ ಬಸ್ಸು ಹತ್ತುವ ದೃಶ್ಯ ಮುಗಿದೊಡನೆ ಎದ್ದು ಹೊರಟರು. ಎರಡನೇ ದಿನ ಟೀ ಕುಡಿಸಿ ಬಾಯಿ ಬಿಡಿಸಿದೆ.

"ಆಗ ನಾನು ಈ ಸಿನ್ಮಾದ ರೀಲು ಸಾಗ್ಸೋನು ಸಾ," ಅಂದರು. ಇದ್ದದ್ದು ಒಂದೇ ಪ್ರತಿ. ಕೊಳ್ಳೇಗಾಲದಲ್ಲೂ ಮಧುವನಹಳ್ಳಿಯ ಟೆಂಟಿನಲ್ಲೂ ಒಂದೇ ಸಂಜೆ ಓಡಬೇಕು. ಇಲ್ಲಿ ಮುಗಿದ ರೀಲನ್ನು ಸೈಕಲ್ಲಿಗೆ ಕಟ್ಟಿ ಅಲ್ಲಿಗೆ ಮುಟ್ಟಿಸುವುದು ಅವರ ಕೆಲಸ. ಟೆಂಟಿನ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದ ಶಿವನಂಜಮ್ಮ, ಚೆನ್ನಯ್ಯನ ಅಪ್ಪ ಕೂಲಿಗೆ ಹೋಗುತ್ತಿದ್ದ ಜಮೀನಿನವರ ಮಗಳು. ಜಾತಿ ಬೇರೆ. ನಾಳೆ ಬೆಳಗಿನ ಬಸ್ಸಿಗೆ ನನ್ನ ಜೊತೆ ಬರುತ್ತೀಯಾ ಎಂದು ಇವರು ಕೇಳಿದ್ದಕ್ಕೆ, ಸಂಜೆ ಸಿನಿಮಾ ನೋಡಿಕೊಂಡು ಹೇಳುತ್ತೇನೆ ಅಂದಿದ್ದಳಂತೆ.

"ಆ ಕೊನೇ ರೀಲು ನೋಡುದ್ರೆ ಬತ್ತಾಳಾ ಸಾ? ಟೈರಿಗೆ ನಾನೇ ಮುಳ್ಳು ಚುಚ್ಚಿ ದಾರೀಲಿ ಕುಂತ್ಕಂಡೆ."

ಟೆಂಟಿನವರು ಕಾದು ಕಾದು, ಜನರಿಂದ ಬೈಸಿಕೊಂಡು ಆಟ ನಿಲ್ಲಿಸಿ ದೀಪ ಹಾಕಿಬಿಟ್ಟರು. ಬೆಳಿಗ್ಗೆ ಅವಳು ಬಸ್ ಸ್ಟ್ಯಾಂಡಿನಲ್ಲಿದ್ದಳು. ಅಂದಿನಿಂದ ಇವರಿಗೆ ಒಂದೇ ಭಯ: ಮೋಸ ಮಾಡಿ ಕರೆತಂದೆನೆಂದು ಅವಳಿಗೆ ತಿಳಿದರೆ? ಟಿವಿಯಲ್ಲಿ ಈ ಸಿನಿಮಾ ಬಂದಾಗಲೆಲ್ಲ ಕೇಬಲ್ ಕಿತ್ತಿದ್ದಾರೆ ಮಹಾನುಭಾವರು. ಕೊನೆಯ ಭಾಗವನ್ನು ಎದುರಿಸಲು ಅವರಿಗೇ ಧೈರ್ಯವಿಲ್ಲ.

ಮರುದಿನ ಶಿವನಂಜಮ್ಮನೂ ಬಂದರು. ಗಂಡನ ಜೇಬಿನಲ್ಲಿ ಟಿಕೆಟ್ಟು ಸಿಕ್ಕಿತ್ತಂತೆ. ಬಸ್ಸಿನ ದೃಶ್ಯ ಮುಗಿಯಿತು. "ಏಳು, ಅನೂರು ಬಸ್ಸು ಒಂಟೋಯ್ತದೆ," ಅಂದರು ಚೆನ್ನಯ್ಯ.

"ಓಗ್ಲಿ ಬುಡು."

ಚೆನ್ನಯ್ಯ ಒಬ್ಬರೇ ಎದ್ದು ಬಂದು ನನ್ನ ಪಕ್ಕ ಬಾಗಿಲಿಗೆ ಒರಗಿ ನಿಂತರು.

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು. ಚೆನ್ನಯ್ಯ ನೆಲ ನೋಡುತ್ತ, "ಅವತ್ತು ರೀಲು ಬರ್ದಂಗೆ ಮಾಡ್ದೋನು ನಾನೇ ಕಣಮ್ಮಿ," ಅಂದರು.

"ಗೊತ್ತು. ಅದ್ಕೂ ಮೊದ್ಲೇ ಅಕ್ಕನ ಮನೆಗೆ ಬಂದಿದ್ದಾಗ ಇಲ್ಲೇ ಪೂರ್ತಿ ನೋಡಿದ್ದೆ. ಅವ್ರು ಸಾಯೋದ ಇನ್ನೊಂದ್ಸಲ ನೋಡಿ, ನಿಂಗೆ ಬ್ಯಾಡ ಅಂದ್ಬುಡಾನ ಅಂತ್ಲೇ ಟೆಂಟಿಗೆ ಬಂದೆ. ನೀನು ರೀಲ್ನೇ ತರ್ನಿಲ್ಲ. ಇವ್ನು ನನ್ನ ಸಾಯಾಕೆ ಬುಡಲ್ಲ ಅನ್ನುಸ್ತು."

ಚೆನ್ನಯ್ಯ ಮೆಟ್ಟಿಲ ಮೇಲೆ ಕೂತರು. ನಾನು ಸುಮ್ಮನಿರಲಾರದೆ, "ಮತ್ತೆ ಇವತ್ಯಾಕಮ್ಮ ನೋಡಿದ್ರಿ?" ಅಂದೆ.

"ಇವತ್ತೊಂದಿನಾನಾ? ಮೊಬೈಲ್ನಲ್ಲಿ ನಾನು ಎಷ್ಟ್ ಸಲ ನೋಡಿದ್ದೀನೋ. ನಮ್ಮಣ್ಣದೀರೂ ಮಚ್ಚು ತಕಂಡು ಅನೂರ್‌ಗಂಟ ಬಂದಿದ್ರು ಸಾ. ನಾವ್ಯಾಕೆ ಉಳ್ಕಂಡ್ವಿ, ಆ ಮಕ್ಳ್ಯಾಕೆ ಸತ್ರು ಅಂತ ನೋಡ್ತೀನಿ. ಇನ್ನೂ ಗೊತ್ತಾಗ್ನಿಲ್ಲ."