ಅಕ್ಕ ಒಪ್ಪಿಕೊಂಡಿದ್ದ ವರ

ಮೊನ್ನೆ ಭಾನುವಾರ ಬೈಲಹೊಂಗಲದ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕುಳಿತಿದ್ದಾಗ ಟಿವಿಯಲ್ಲಿ ಒಂದು ಹಳೆಯ ಹಾಸ್ಯಚಿತ್ರ ಬಂತು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಸಿನಿಮಾ ನಟನಿಗೆ ಮನಸೋತು ಮನೆಯವರ ತಲೆ ತಿನ್ನುವ ಕಥೆ. ಅಕ್ಕನ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ನಾನು ಅಕ್ಕನ ಮುಖ ನೋಡುವುದನ್ನು ತಪ್ಪಿಸಿ ಫ್ಯಾನು ನೋಡುತ್ತ ಕುಳಿತೆ. ಯಾಕೆಂದು ಹೇಳುತ್ತೇನೆ, ಕೇಳಿ.

ಆಗ ನಾವು ಮುರಗೋಡದಲ್ಲಿದ್ದೆವು. ಅಪ್ಪ ಪಂಚಾಂಗ ನೋಡಿ ಜಾತಕ ಹೇಳುವವರು. ಅಕ್ಕ ಹತ್ತನೆಯ ತರಗತಿ. ಒಂದು ದಿನ ಊಟದ ನಡುವೆ, ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟೇ ಸಲೀಸಾಗಿ, ದೊಡ್ಡ ನಾಯಕನಟನೊಬ್ಬನ ಹೆಸರು ಹೇಳಿ, “ನಾ ಮದುವಿ ಆದ್ರ ಅವರನ್ನ ಆಗಾಕಿ” ಎಂದಳು. ಅವ್ವನ ಕೈಯಿಂದ ಸೌಟು ಬಿತ್ತು. ಅಪ್ಪ ತುತ್ತು ನುಂಗಿ ಕೇಳಿದರು: “ಗೋತ್ರ ಯಾವುದಂತ?”

“ಗೊತ್ತಿಲ್ರಿ.”

“ಕೇಳಿದರಾತು.”

ಅಪ್ಪನಿಗೆ ಚೇಷ್ಟೆ ಮಾಡಲು ಬರುತ್ತಿರಲಿಲ್ಲ. ನಾನಂತೂ, ನಟ ಭಾವನಾದರೆ ಪುಕ್ಕಟೆ ಸಿನಿಮಾ ನೋಡಬಹುದೆಂದು ಒಳಗೊಳಗೇ ಸಂಬಂಧಕ್ಕೆ ಒಪ್ಪಿಗೆ ಕೊಟ್ಟುಬಿಟ್ಟಿದ್ದೆ. ಅಕ್ಕ ಅವನ ಹೆಸರಿನಲ್ಲಿ ಶನಿವಾರ ಒಪ್ಪತ್ತು ಹಿಡಿದಳು.

ಅಷ್ಟರಲ್ಲಿ ಹೂಲಿಯ ಹಳೆ ಗುಡಿಗಳ ಹತ್ತಿರ ಅವನದೇ ಶೂಟಿಂಗ್ ಎಂದು ಸುದ್ದಿ ಬಂತು. ಅಪ್ಪ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿದರು. ಜನರನ್ನು ದೂರದಲ್ಲೇ ತಡೆಯುತ್ತಿದ್ದವರು ಅಪ್ಪನ ಕಚ್ಚೆಪಂಚೆ, ಕಂಕುಳಲ್ಲಿನ ಪಂಚಾಂಗ ನೋಡಿ ದಾರಿ ಬಿಟ್ಟರು.

ನಟ ಗುಡಿಯ ನೆರಳಲ್ಲಿ ಕುಳಿತಿದ್ದ. ಮುಖಕ್ಕೆ ಬಳಿದ ಬಣ್ಣ ಕತ್ತಿನಲ್ಲಿ ಗೆರೆ ಎಳೆದಂತೆ ನಿಂತುಹೋಗಿತ್ತು.

“ಇಕಿ ನನ್ನ ಮಗಳ್ರಿ,” ಎಂದು ಅಪ್ಪ ಶುರುಮಾಡಿದರು. “ನಿಮ್ಮನ್ನ...”

ಅವನ ಕಣ್ಣು ಪಂಚಾಂಗದ ಮೇಲಿತ್ತು. “ಗುರುಗಳೇ, ಸರಿಯಾದ ಹೊತ್ತಿಗೆ ಬಂದ್ರಿ,” ಎಂದು ಕೈ ಚಾಚಿದ. “ಒಂದರ ಮೇಲೊಂದು ಸಿನಿಮಾ ಬೀಳ್ತಾ ಇವೆ. ಇದೂ ಹೋದ್ರೆ ನನ್ನನ್ನ ಯಾರೂ ಕರೆಯಲ್ಲ. ಈ ಗ್ರಹಚಾರ ಯಾವಾಗ ಮುಗಿಯುತ್ತೆ?”

ಅಪ್ಪ ಅವನ ನಕ್ಷತ್ರ ಕೇಳಿ, ಬೆರಳು ಮಡಚಿ ಬಹಳ ಹೊತ್ತು ಎಣಿಸಿದರು. “ಛಲೋ ದಿನ ಬರಲಿಕ್ಕೆ ಹತ್ಯಾವ್ರಿ. ಅಂಜಬ್ಯಾಡ್ರಿ.”

ಅವನು ಅಪ್ಪನ ಕಾಲು ಮುಟ್ಟಿ, ಬಣ್ಣ ಅಳಿಸದಂತೆ ಕಣ್ಣಂಚು ಒತ್ತಿಕೊಂಡ. ಯಾರೋ ಕರೆದರು. ಎದ್ದುಹೋಗಿ ಕ್ಯಾಮರಾ ಮುಂದೆ ನಿಂತು, ಅಕ್ಕ ಯಾವ ನಗುವಿಗಾಗಿ ಒಪ್ಪತ್ತು ಮಾಡುತ್ತಿದ್ದಳೋ ಅದೇ ನಗು ನಕ್ಕ. ಗೋತ್ರ ಕೇಳುವುದು ಉಳಿದೇ ಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕೇಳಿದಳು: “ಅಪ್ಪಾ, ಅವರಿಗೆ ಖರೇನ ಛಲೋ ದಿನ ಅವ ಏನ್ರಿ?”

“ಇಲ್ಲವಾ.”

“ಮತ್ಯಾಕ ಹಂಗ ಹೇಳಿದ್ರಿ?”

“ಇನ್ನೂ ಸಂಜಿತನಕಾ ಅಂವಾ ನಗಬೇಕಾಗಿತ್ತಲ್ಲ.”

ಮರುದಿನ ಶಾಲೆಯ ಹುಡುಗಿಯರೆಲ್ಲ ಅಕ್ಕನನ್ನು ಸುತ್ತುವರಿದರು. “ಫೋಟೋದಾಗಿನಕಿಂತ ಚಂದ ಅದಾರ,” ಎಂದಷ್ಟೇ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ನನ್ನ ತೋಳು ಚಿವುಟಿದಳು. ಆಮೇಲೆ ಮದುವೆಯ ಮಾತೆತ್ತಲಿಲ್ಲ. ಆ ಸಿನಿಮಾ ಬೈಲಹೊಂಗಲದ ಟಾಕೀಜಿಗೆ ಬಂದು ವಾರದೊಳಗೇ ಹೋಯಿತು. ಅಕ್ಕ ಅದನ್ನು ಎರಡು ಸಲ ನೋಡಿದಳು. ಯಾಕೆಂದು ಕೇಳಿದ್ದಕ್ಕೆ, “ಕುರ್ಚಿ ಖಾಲಿ ಕಾಣಬಾರದಲ್ಲ,” ಎಂದಳು.

ಮೊನ್ನೆ ಟಿವಿಯಲ್ಲಿ ಆ ಹಾಸ್ಯಚಿತ್ರದ ನಟನ ಹಾಡು ಶುರುವಾಗಿತ್ತು. “ಅವ್ವಾ, ನಿನಗ್ಯಾಕ ನಗು ಬರವಲ್ದು?” ಎಂದು ಮಗಳು ಕೇಳಿದಳು.

“ಆ ಬಿಸಿಲಾಗ ಕೋಟು ಹಾಕ್ಕೊಂಡು ಕುಣಿಲಿಕ್ಕೆ ಹತ್ಯಾನ ನೋಡು,” ಎಂದಳು ಅಕ್ಕ. “ಯಾರರ ನೀರು ಕೊಟ್ಟಿದ್ದರೋ ಇಲ್ಲೋ.”

ಮಗಳಿಗೆ ಅದಕ್ಕೂ ನಗು ಬಂತು. ನಾನು ಮೊದಲ ಸಲ ಚಿತ್ರದ ಆ ಹುಡುಗಿಯನ್ನು ಬಿಟ್ಟು ನಟನನ್ನು ನೋಡಿದೆ. ಅವನು ಚೆನ್ನಾಗಿಯೇ ಕುಣಿಯುತ್ತಿದ್ದ.