ಬೋಪಯ್ಯನವರು ಸ್ಕೋಪ್ ಆರಿಸಿದ ದಿನ

ಆ ಶನಿವಾರ ಶೆಫೀಲ್ಡಿನ ಹೊರವಲಯದ ಬಂದೂಕಿನ ಅಂಗಡಿಯಲ್ಲಿ ಮೂವರಿದ್ದೆವು. ಕೌಂಟರಿನ ಆಚೆ ಮಾಲೀಕ ಫ್ರಾಂಕ್, ಈಚೆ ಡಾಕ್ಟರ್ ಬೋಪಯ್ಯ, ಅವರ ಹಿಂದೆ ಅವರ ಕೋಟು ಹೊತ್ತುಕೊಂಡು ನಾನು. ಬೋಪಯ್ಯನವರು ಎಲ್ಲಿಗೆ ಹೋದರೂ ಕೋಟು ಬಿಚ್ಚಿ ಪಕ್ಕದಲ್ಲಿದ್ದವರ ತೋಳಿಗೆ ಹಾಕಿಬಿಡುತ್ತಿದ್ದರು. ಕೇಳುತ್ತಿರಲಿಲ್ಲ. ಗೂಟವನ್ನು ಯಾರಾದರೂ ಕೇಳುತ್ತಾರೆಯೇ?

ಕೊಡಗಿನವರು, ದೊಡ್ಡ ಮೂಳೆ ಸರ್ಜನ್. ಕೆಲಸವಿಲ್ಲದೆ ಈ ಊರಲ್ಲಿ ಬಂದಿಳಿದ ನನಗೆ ನಾಲ್ಕು ತಿಂಗಳು ತಮ್ಮ ಮನೆಯ ಮೇಲಿನ ಕೋಣೆ ಕೊಟ್ಟು, ಮಾಂಸ ಮುಟ್ಟದ ಬ್ರಾಹ್ಮಣನೆಂದು ನನಗಾಗಿಯೇ ಬೇರೆ ಪಾತ್ರೆಯಲ್ಲಿ ಸಾರು ಮಾಡಿಸಿದವರು. ಅವರೇ ಮುಂದೆ ಆಪರೇಷನ್ ಥಿಯೇಟರಿನಲ್ಲಿ ನನ್ನ ಕೈ ಒಮ್ಮೆ ನಡುಗಿದ್ದಕ್ಕೆ, ನರ್ಸುಗಳೆದುರು ಕತ್ತರಿ ಕಿತ್ತುಕೊಂಡು, "ಪುಳಿಚಾರಿನ ಕೈಗೆ ಚಾಕು ಯಾಕಯ್ಯಾ? ಹೋಗು, ಎಲ್ಲಾದ್ರೂ ಕೆಮ್ಮಿಗೆ ಔಷಧಿ ಬರಕೊಂಡಿರು" ಎಂದರು. ಹೋದೆ. ಬ್ರೂಮ್‌ಹಿಲ್‌ನಲ್ಲಿ ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯನಾಗಿ ಕೆಮ್ಮಿಗೆ ಔಷಧಿ ಬರೆಯುತ್ತ ಕೂತೆ.

ಅವರ ಬಾಯಿಗೆ ಸಿಕ್ಕದವರೇ ಇರಲಿಲ್ಲ. ಯುಗಾದಿ ಕೂಟದಲ್ಲಿ ಒಬ್ಬಾಕೆ ಎರಡು ದೇವರನಾಮ ಹಾಡಿ ಇಳಿದು ಬಂದಾಗ, "ಈಗ ನೋವು ಕಮ್ಮಿ ಆಯ್ತಾಮ್ಮ?" ಎಂದು ಅಕ್ಕರೆಯಿಂದ ವಿಚಾರಿಸಿದ್ದರು. ಆಕೆ ಮತ್ತೆ ವೇದಿಕೆ ಹತ್ತಿದ್ದನ್ನು ನಾನು ಕಾಣೆ.

ಜಿಂಕೆಯ ಮಾತು ಬಂದರೆ ಮಾತ್ರ ಮನುಷ್ಯನೇ ಬೇರೆ. "ಮನುಷ್ಯನಿಗೆ ಮಾತು ಚುಚ್ಚಬೇಕು. ಜಿಂಕೆಗೆ ಗುಂಡು ತಾಗಿದ್ದೂ ಗೊತ್ತಾಗಬಾರದು" ಎನ್ನುತ್ತಿದ್ದರು. ವರ್ಷಕ್ಕೆರಡು ಸಲ ಸ್ಕಾಟ್ಲೆಂಡಿನ ಗುಡ್ಡಗಳಿಗೆ ಬೇಟೆಗೆ ಹೋಗುವವರು. ಆ ಸಲ ಮೊದಲ ಬಾರಿಗೆ ಗುಂಡು ಎದೆಗೆ ಬೀಳದೆ ಹೊಟ್ಟೆಗೆ ಬಿತ್ತು. ಕೆಸರಿನಲ್ಲಿ ಮೂರು ಗಂಟೆ ರಕ್ತದ ಜಾಡು ಹಿಡಿದು ಹೋಗಿ ಅದರ ನರಳಾಟ ನಿಲ್ಲಿಸಿದರಂತೆ. ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ತಪ್ಪೆಲ್ಲ ಗುರಿ ನೋಡಲು ಬಂದೂಕಿನ ಮೇಲೆ ಕೂರಿಸಿದ ದುರ್ಬೀನಿನದೇ, ಆ ಸ್ಕೋಪಿನದೇ ಎಂದು ತೀರ್ಮಾನಿಸಿ, ಹೊಸದು ಕೊಳ್ಳಲು ನನ್ನನ್ನು ಹೊರಡಿಸಿಕೊಂಡು ಬಂದಿದ್ದರು.

ಫ್ರಾಂಕ್ ಮೊಳದುದ್ದದ್ದೊಂದನ್ನು ತೆಗೆದ. "ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣತ್ತೆ, ಡಾಕ್ಟರ್."

"ಕೈ ನಡುಕಾನೂ ಇಪ್ಪತ್ತು ಪಟ್ಟು ಕಾಣತ್ತೆ. ಅದನ್ನ ಇವನಿಗೆ ಕೊಡು" ಎಂದು ನನ್ನ ಕಡೆ ಗದ್ದ ತೋರಿಸಿದರು. "ನನಗೆ ಆರು ಪಟ್ಟು ಸಾಕು. ಗಾಜು ಚೆನ್ನಾಗಿರಲಿ. ಜಿಂಕೆ ಹೊರಗೆ ಬರೋದೇ ಬೆಳಕು ಇಳಿಯೋವಾಗ."

ಫ್ರಾಂಕ್ ಕೊಟ್ಟ ಮೊದಲನೆಯದನ್ನು ಬಲಗಣ್ಣಿಗೆ ಹಿಡಿದು, ಬಾಗಿಲಾಚೆಯ ಇಟ್ಟಿಗೆ ಗೋಡೆ ನೋಡಿದರು. "ಗುರಿಯ ಅಡ್ಡಗೆರೆ ಸೊಟ್ಟಗಿದೆ. ಬೇರೆ ಕೊಡು."

ಎರಡನೆಯದೂ ಸೊಟ್ಟ. ಫ್ರಾಂಕ್ ತಾನೇ ಇಣುಕಿ, "ನೆಟ್ಟಗಿದೆಯಲ್ಲ ಡಾಕ್ಟರ್" ಎಂದ.

"ಹೌದು, ನಿನ್ನ ವ್ಯಾಪಾರದಷ್ಟೇ ನೆಟ್ಟಗಿದೆ."

ನನಗೆ ತಿಳಿದುಹೋಯಿತು. ನೆಟ್ಟನೆಯ ಗೆರೆ ಬಾಗಿ ಕಂಡರೆ ಕೆಟ್ಟಿರುವುದು ಗೆರೆಯಲ್ಲ, ಕಣ್ಣಿನ ಹಿಂಪರದೆಯ ನಡುಭಾಗ. ಇದು ಪರೀಕ್ಷೆಗೆ ಓದಿದ ಪ್ರತಿ ವೈದ್ಯನಿಗೂ ಗೊತ್ತು. ಆಗಿನ್ನೂ ಅದಕ್ಕೆ ಹೇಳಿಕೊಳ್ಳುವಂಥ ಚಿಕಿತ್ಸೆ ಇರಲಿಲ್ಲ. ಸೋಮವಾರ ಮೂರು ಸೊಂಟದ ಆಪರೇಷನ್ ಇದೆ ಎಂದು ಕಾರಿನಲ್ಲಿ ಅವರೇ ಹೇಳಿದ್ದರು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮೂರನೆಯದು ಬಂತು, ನಾಲ್ಕನೆಯದು ಬಂತು. ಅವರು ಒಂದೊಂದನ್ನೂ ಬಯ್ದು ಪಕ್ಕಕ್ಕೆ ತಳ್ಳಿದಾಗ ನನಗೆ, ಹೇಳಲು ನಾಚಿಕೆ, ಹಬ್ಬದೂಟ ಬಡಿಸಿದ ಹಾಗಿತ್ತು. ಐದನೆಯದೂ ಸೊಟ್ಟ ಎಂದ ಮೇಲೆ, ನರ್ಸುಗಳೆದುರು ಅವರಾಡುತ್ತಿದ್ದಷ್ಟೇ ಗಟ್ಟಿಯಾಗಿ ಹೇಳಿದೆ:

"ಎಡಗಣ್ಣಲ್ಲಿ ನೋಡಿ ಸರ್."

ನೋಡಿದರು. ಮತ್ತೆ ಬಲಗಣ್ಣು. ಮತ್ತೆ ಎಡಗಣ್ಣು. ಸ್ಕೋಪನ್ನು ಕೂಸು ಮಲಗಿಸಿದಂತೆ ಬಟ್ಟೆಯ ಮೇಲಿಟ್ಟರು.

"ನಿಂಗೆ ಯಾವಾಗ ಗೊತ್ತಾಯ್ತು?"

"ಎರಡನೇದಕ್ಕೆ, ಸರ್."

"ಐದರ ತನಕ ಕಾದೆ."

ಅವರು ಫ್ರಾಂಕ್‌ನ ಕೈ ಹಿಡಿದು ತಪ್ಪಾಯಿತೆಂದರು. ಅಲ್ಲಿಯ ಫೋನಿನಿಂದಲೇ ಆಸ್ಪತ್ರೆಗೆ ತಿಳಿಸಿ ಸೋಮವಾರದ ಮೂರೂ ಆಪರೇಷನ್ ರದ್ದು ಮಾಡಿಸಿದರು. ವಾಪಸು ಬರುವಾಗ ಕಾರಿನಲ್ಲಿ ನನ್ನ ಪಕ್ಕ ಕೂರದೆ ಹಿಂದಿನ ಸೀಟಿನಲ್ಲಿ ಕೂತರು.

ಅವರು ಮತ್ತೆ ಚಾಕು ಹಿಡಿಯಲಿಲ್ಲ. ಬಂದೂಕನ್ನು ಫ್ರಾಂಕ್‌ಗೇ ಕೊಟ್ಟರು. ಮರುವರ್ಷ ಎಡಗಣ್ಣೂ ಅದೇ ದಾರಿ ಹಿಡಿಯಿತು. ಮನೆ ಮಾರಿ ಕೊವೆಂಟ್ರಿಯ ಮಗಳ ಮನೆಗೆ ಹೊರಟ ವಾರ, ಹೆಂಡತಿಯ ಜೊತೆ ಅಂಚೆ ಕಚೇರಿಯ ಮುಂದೆ ಎದುರಾದರು.

"ನಮಸ್ಕಾರ ಸರ್" ಎಂದೆ.

ಮುಖ ಓರೆ ಮಾಡಿ, ಇನ್ನೂ ಉಳಿದಿದ್ದ ಕಣ್ಣಂಚಿನ ನೋಟದಿಂದ ನನ್ನತ್ತ ನೋಡಿದರು. "ಯಾರು?"

ನಾಲ್ಕು ತಿಂಗಳು ಅವರ ಮನೆಯಲ್ಲಿ ಉಂಡವನು, ಹನ್ನೊಂದು ವರ್ಷ ಅವರಿಂದ ಬಯ್ಸಿಕೊಂಡವನು, ನನ್ನ ಹೆಸರು ಹೇಳಿದೆ.

"ಗೊತ್ತಾಗ್ಲಿಲ್ಲ" ಎಂದು, ಹೆಂಡತಿಯ ತೋಳು ಹಿಡಿದುಕೊಂಡು ರಸ್ತೆ ದಾಟಿದರು.